ಗೋಲ್‌ಕಂಬದ ಬಳಿಯ ಪಿಸುಮಾತು

‘ತಿಂಡಿ ಆಯ್ತಾ? ಏನು ತಿಂಡಿ?’ ಎಂದು ಯಾರಾದರೂ ಕೇಳಿದರೆ ಈಗ ನಾನು ಮಾತು ಬದಲಿಸುತ್ತೇನೆ. ಮೈಸೂರಿನಲ್ಲಿ ಹುಟ್ಟಿ ಬೆಳೆದವಳು ಈ ಪ್ರಶ್ನೆಗೆ ಹೆದರುತ್ತಾಳೆ ಎಂದರೆ ಯಾರಿಗಾದರೂ ನಗು ಬರುತ್ತದೆ. ಅಡಿಲೇಡಿನ ಆ ಶನಿವಾರದ ತನಕ ನನಗೂ ಬರುತ್ತಿತ್ತು.

ಕಳೆದ ವಾರ ಅವನ ಫುಟ್‌ಬಾಲ್ ಕ್ಲಬ್ಬಿನವರು ತಮ್ಮ ಫೇಸ್‌ಬುಕ್ ಪುಟದಲ್ಲಿ ನಾಲ್ಕು ಸಾಲು ಹಾಕಿದರು. ನಮ್ಮ ಜಪಾನಿ ಗೋಲ್‌ಕೀಪರ್ ಆಟದಿಂದ ನಿವೃತ್ತರಾಗಿದ್ದಾರೆ, ಅವರ ಸೇವೆಗೆ ಧನ್ಯವಾದ, ಅವರ ಆರೋಗ್ಯಕ್ಕಾಗಿ ಹಾರೈಕೆ. ಜೊತೆಗೊಂದು ಫೋಟೊ: ಅಡ್ಡಡ್ಡ ಗಾಳಿಯಲ್ಲಿ ತೇಲುತ್ತ ಬೆರಳ ತುದಿಯಿಂದ ಚೆಂಡನ್ನು ಹೊರಗೆ ತಳ್ಳುತ್ತಿದ್ದಾನೆ. ಕಣ್ಣು ಚೆಂಡಿನ ಮೇಲೆ ನೆಟ್ಟಿದೆ. ನನಗೆ ಗೊತ್ತಿರುವುದು ಇನ್ನೊಂದು ಕಣ್ಣು. ಆ ಕಣ್ಣು ನನ್ನನ್ನೇ ನೋಡುತ್ತಿತ್ತು. ಗುರುತು ಮಾತ್ರ ಅದರಲ್ಲಿರಲಿಲ್ಲ.

ಅವನು ನಮಗೆ ಸಿಕ್ಕಿದ್ದು ಪರ್ತ್‌ನಲ್ಲಿ. ಆಗ ನಾವು ಅಲ್ಲಿನ ವಿಲೆಟನ್ ಬಡಾವಣೆಯಲ್ಲಿದ್ದೆವು. ನಾನು ಸಿಟಿಯಲ್ಲಿ ಗಣಿ ಕಂಪನಿಯೊಂದರಲ್ಲಿ ಇಂಜಿನಿಯರ್, ನನ್ನ ಗಂಡ ನಾಗೇಶ್ ಮನೆಯಿಂದಲೇ ಕೆಲಸ. ಮಗಳು ಮೇದಿನಿ ಊರಿನ ಕ್ಲಬ್ಬಿನಲ್ಲಿ ಫುಟ್‌ಬಾಲ್ ಆಡುತ್ತಿದ್ದಳು. ಅವಳಿಗೆ ಗೋಲ್‌ಕೀಪಿಂಗ್ ಹೇಳಿಕೊಡಲು ಬಂದವನೇ ಇವನು. ಜಪಾನಿನಲ್ಲಿ ವೃತ್ತಿಪರ ತಂಡವೊಂದರಲ್ಲಿದ್ದ. ಅಲ್ಲಿ ಆಡಿದ್ದಕ್ಕಿಂತ ಬೆಂಚಿನ ಮೇಲೆ ಕುಳಿತದ್ದೇ ಹೆಚ್ಚು. ಆಡಲು ಸಿಗಬೇಕೆಂದು ಸಮುದ್ರ ದಾಟಿ ಇಲ್ಲಿಗೆ ಬಂದಿದ್ದ. ಬೆಳಿಗ್ಗೆ ಪರ್ತ್ ಸಿಟಿಯ ಒಂದು ಸುಶಿ ಅಂಗಡಿಯಲ್ಲಿ ಮೀನು ಕತ್ತರಿಸುವುದು, ಸಂಜೆ ಪ್ರಾಕ್ಟೀಸ್, ಶನಿವಾರ ಮ್ಯಾಚ್. ಬಾಡಿಗೆಗೆ ರೂಮು ಹುಡುಕುತ್ತಿದ್ದಾನೆಂದು ಮೇದಿನಿ ಹೇಳಿದಳು. ನಮ್ಮ ಹಿತ್ತಲಿನ ರೂಮು ಖಾಲಿಯಿತ್ತು.

ಮೊದಲ ದಿನ ಬಾಗಿಲಲ್ಲಿ ಶೂ ಬಿಚ್ಚಿದವನು ಅದನ್ನು ತಿರುಗಿಸಿ, ಮೂತಿ ಹೊರಗೆ ಮಾಡಿ ಇಟ್ಟ. ಆಮೇಲೆ ಅಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ನಮ್ಮೆಲ್ಲರ ಚಪ್ಪಲಿಗಳನ್ನೂ ಹಾಗೇ ತಿರುಗಿಸಿಟ್ಟ. ನಾಗೇಶ್ ಸೋಫಾದಿಂದಲೇ, “ಲೇ, ನಮ್ಮನ್ನ ಮನೆಯಿಂದ ಓಡಿಸೋಕೆ ಬಂದಿದಾನೆ ಕಣೇ ಇವನು” ಎಂದರು. ಅವನಿಗೆ ಅರ್ಥವಾಗಲಿಲ್ಲ. ನಾವು ನಕ್ಕಿದ್ದಕ್ಕೆ ಅವನೂ ನಕ್ಕು, ಬಾಗಿ, ಸಾರಿ ಎಂದ.

ಎಲ್ಲಕ್ಕೂ ಸಾರಿ. ಗೋಲು ಬಿಟ್ಟರೆ ತಂಡಕ್ಕೆ ಸಾರಿ, ಗೋಲು ತಡೆದರೆ ಹೊಡೆದವನಿಗೆ ಸಾರಿ. ಆದರೆ ಗೋಲು ಬಿಟ್ಟ ಮೇಲೆ ಇನ್ನೊಂದು ಮಾತೂ ಇತ್ತು: ‘ತ್ಸುಗಿ’. ಅವರ ಭಾಷೆಯಲ್ಲಿ ಮುಂದಿನದು ಎಂದರ್ಥವಂತೆ. ಹೋದದ್ದು ಹೋಯಿತು, ಮುಂದಿನ ಚೆಂಡು ನೋಡು. ಗಣಿತದಲ್ಲಿ ಮಾರ್ಕ್ಸ್ ಕಡಿಮೆಯಾದಾಗ ಮೇದಿನಿಯೂ “ತ್ಸುಗಿ, ಅಮ್ಮಾ” ಎನ್ನತೊಡಗಿದಳು. ನಾನು ಅವನ ಮೇಲೆ ರೇಗಿದೆ. “ಸಾರಿ, ಅಕ್ಕಾ” ಎಂದ.

ಅಕ್ಕ ಎಂಬ ಪದವನ್ನು ಅವನಿಗೆ ಯಾರೂ ಕಲಿಸಲಿಲ್ಲ. ಪಕ್ಕದ ಬೀದಿಯ ಕನ್ನಡದ ಹುಡುಗಿಯರು ನನ್ನನ್ನು ಹಾಗೆ ಕರೆಯುವುದನ್ನು ಕೇಳಿ, ಇದೇ ನನ್ನ ಹೆಸರು ಎಂದುಕೊಂಡಿದ್ದ. ಅರ್ಥ ತಿಳಿದ ಮೇಲೆ ಒಂದು ದಿನ ಮಾತಾಡಲಿಲ್ಲ. ಮರುದಿನ ಇನ್ನೂ ಜೋರಾಗಿ ಅಕ್ಕಾ ಎಂದು ಕೂಗಿದ. ಅವನಿಗೆ ಒಡಹುಟ್ಟಿದವರು ಇರಲಿಲ್ಲ.

ಅಕ್ಕಿ ರೊಟ್ಟಿ ಎಂದರೆ ಪ್ರಾಣ. ಅಕ್ಕಿಯನ್ನು ಹೀಗೂ ಮಾಡಬಹುದಾ ಎಂದು ಬೆರಗಾಗಿ, ಒಂದು ಭಾನುವಾರ ತಾನೇ ತಟ್ಟಲು ಕುಳಿತ. ಅವನ ಬೆರಳುಗಳು ಉದ್ದ, ಎರಡು ಮುರಿದು ಸೊಟ್ಟಗೆ ಕೂಡಿಕೊಂಡಿದ್ದವು. ಅಂಗೈ ಒಮ್ಮೆ ಇಟ್ಟರೆ ಕಾವಲಿ ತುಂಬುತ್ತಿತ್ತು.

“ಏನ್ ಕೈಯ್ಯೋ ಇದು! ನೀನು ಫುಟ್‌ಬಾಲ್ ಬಿಟ್ಟು ಹೋಟ್ಲು ಇಡು” ಎಂದರು ನಾಗೇಶ್.

“ಫುಟ್‌ಬಾಲ್ ಬಿಟ್ಟರೆ ನಾನು ಯಾರು?” ಎಂದ ಅವನು, ನಗುತ್ತಲೇ. ಅವನ ಮಾತೆಲ್ಲ ತುಂಡು ತುಂಡು ಇಂಗ್ಲಿಷ್. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಒಂದು ವಾಕ್ಯ ಮಾತ್ರ ಅವನು ಕನ್ನಡದಲ್ಲೇ ಹೇಳುತ್ತಿದ್ದ. ನಾನು ಊರಿಗೆ ಫೋನ್ ಮಾಡಿದಾಗಲೆಲ್ಲ ಮೊದಲು ತಿಂಡಿ ವಿಚಾರ ಕೇಳುವುದನ್ನು ಗಮನಿಸಿದ್ದ.

“ನಿಮ್ಮ ಊರಿನಲ್ಲಿ ಹೌ ಆರ್ ಯೂ ಇಲ್ವಾ?”

“ಇದ್ಯಲ್ಲ. ಏನು ತಿಂಡಿ ಅಂದ್ರೆ ಅದೇ.”

ಅದು ಅವನಿಗೆ ಬಹಳ ಹಿಡಿಸಿತು. ಆಗಿನಿಂದ ದಿನಾ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ “ಅಕ್ಕಾ, ಏನು ತಿಂಡಿ?” ಎಂಬ ಕೂಗು. ಮುಂದೆ ಬ್ರಿಸ್ಬೇನ್‌ಗೆ ಹೋದ ಮೇಲೂ ನಿಲ್ಲಲಿಲ್ಲ. ಫೋನಿನಲ್ಲಿ ಮೆಸೇಜ್ ಬರುತ್ತಿತ್ತು: ‘ಬ್ರೆಡ್, ಮೊಟ್ಟೆ. ಅಕ್ಕ?’ ನಾನು, ‘ಅವಲಕ್ಕಿ.’ ಅಷ್ಟೇ. ಇಬ್ಬರೂ ಚೆನ್ನಾಗಿದ್ದೇವೆ ಎಂದು ಲೆಕ್ಕ.

ಅವನ ಗೋಲ್‌ಕಂಬದ ಅಭ್ಯಾಸ ಹೇಳದಿದ್ದರೆ ಅವನ ಚಿತ್ರ ಪೂರ್ತಿಯಾಗುವುದಿಲ್ಲ. ಪರ್ತ್‌ನಲ್ಲಿ ಒಂದು ಮ್ಯಾಚಿನಲ್ಲಿ ಎದುರಾಳಿಯ ಮೊಣಕೈ ಅವನ ತಲೆಗೆ ತಾಗಿತ್ತು. ಇಲ್ಲಿ ತಲೆಗೆ ಪೆಟ್ಟಾದರೆ ತಂಡದ ಟ್ರೇನರ್ ಮೈದಾನಕ್ಕೆ ಓಡಿ ಬಂದು ಕೆಲವು ಪ್ರಶ್ನೆ ಕೇಳುತ್ತಾರೆ. ಇದು ಯಾವ ಊರು, ಈಗ ಯಾವ ಹಾಫ್, ಸ್ಕೋರ್ ಎಷ್ಟು, ಹೋದ ವಾರ ಗೆದ್ದೆವಾ ಸೋತೆವಾ. ತಡವರಿಸಿದರೆ ಹೊರಗೆ. ಅವನು ಅಂದು ಸ್ಕೋರ್ ತಪ್ಪು ಹೇಳಿದ. ಕೆಲವು ವಾರ ವಿಶ್ರಾಂತಿ ಎಂದರು. ಬದಲಿಗೆ ಇಳಿದ ಹುಡುಗ ಚೆನ್ನಾಗಿ ಆಡಿದ. ಇವನ ತಲೆ ಸರಿಹೋಯಿತು, ಜಾಗ ವಾಪಸ್ ಬರಲಿಲ್ಲ. ಆ ಸೀಸನ್ ಮುಗಿಯುವವರೆಗೂ ಬೆಂಚು.

ಮುಂದಿನ ವರ್ಷ ಆಡಲು ಸಿಕ್ಕಾಗ ಹೊಸದೊಂದು ಕಾಣಿಸಿತು. ಆಟ ಶುರುವಾಗುವ ಮುನ್ನ ಎಡಗಂಬ ಮುಟ್ಟುವನು, ಹಾರಿ ಅಡ್ಡಪಟ್ಟಿ ಮುಟ್ಟುವನು, ಬಲಗಂಬ ಮುಟ್ಟುವನು. ತುಟಿ ಏನನ್ನೋ ಪಿಸುಗುಟ್ಟುತ್ತಿರುತ್ತದೆ. ಗೋಲಾದಾಗಲೆಲ್ಲ ಮತ್ತೆ ಅದೇ. ಹಾಫ್‌ಟೈಮಿನ ನಂತರ ಮತ್ತೆ ಅದೇ. ಆಟಗಾರರಿಗೆಲ್ಲ ಇಂಥದ್ದೊಂದು ಇರುತ್ತದೆ. ಎಡಗಾಲಿಟ್ಟು ಇಳಿಯುವವರು, ಹುಲ್ಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು. ಮೈಸೂರಿನಿಂದ ಬಂದಿದ್ದ ನನ್ನ ಅಮ್ಮ ಮೈದಾನದ ಸುತ್ತಲಿನ ಕಟಕಟೆಗೆ ಒರಗಿ ಇದನ್ನು ನೋಡಿ, “ಪಾಪ, ಎಲ್ಲಿದ್ರೂ ಸಂಧ್ಯಾವಂದನೆ ಬಿಟ್ಟಿಲ್ಲ ನೋಡೇ” ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಅದೇ ಹೆಸರು.

ಬ್ರಿಸ್ಬೇನ್‌ನಲ್ಲಿ ಅವನಿಗೆ ಕೊನೆಗೂ ದೊಡ್ಡ ತಂಡವೊಂದು ಸಿಕ್ಕಿತು. ಪೂರ್ತಿ ವೃತ್ತಿಪರ, ಮೀನು ಕತ್ತರಿಸಬೇಕಿಲ್ಲ. ನಾನು ಆಫೀಸಿನ ಕೆಲಸಕ್ಕೆ ಅಲ್ಲಿಗೆ ಹೋದಾಗ ಸನ್ನಿಬ್ಯಾಂಕ್ ಬಡಾವಣೆಯ ಒಂದು ನೂಡಲ್ ಅಂಗಡಿಗೆ ಕರೆದುಕೊಂಡು ಹೋದ. ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಆ ತಂಡದಲ್ಲಿ ಅವನು ಎರಡನೇ ಗೋಲ್‌ಕೀಪರ್, ಒಂದನೆಯವನು ಆಡದಿದ್ದರೆ ಮಾತ್ರ ಇವನ ಸರದಿ. ಒಂದು ಮ್ಯಾಚ್ ಕೂಡ ಸಿಕ್ಕಿರಲಿಲ್ಲ.

“ಬೇರೆಯವರಿಗೆ ಹತ್ತು ಜಾಗ ಇದೆ ಅಕ್ಕಾ. ಗೋಲ್‌ಕೀಪರಿಗೆ ಒಂದೇ. ಅವನು ಬೀಳದೆ ನಾನು ಏಳೋ ಹಾಗಿಲ್ಲ.” ಬಟ್ಟಲಿನೊಳಗೆ ನೋಡುತ್ತಲೇ ಹೇಳಿದ. “ಅವನು ಒಳ್ಳೆಯವನು. ನನಗೆ ತನ್ನ ಕೈಗವಸು ಕೊಡ್ತಾನೆ. ಅವನಿಗೆ ನೆಗಡಿ ಬಂದ್ರೆ ನನಗೆ ಖುಷಿಯಾಗತ್ತೆ. ಆಮೇಲೆ ನಾಚಿಕೆ. ಆಮೇಲೆ ಮತ್ತೆ ಖುಷಿ.”

“ಸಾಕು ಅನ್ಸಲ್ವೇನೋ ನಿಂಗೆ? ಊರಿಗೆ ಹೋಗಿ ಮಕ್ಕಳಿಗೆ ಹೇಳಿಕೊಡಬಹುದಲ್ಲ?”

“ಒಂದು ಸೀಸನ್. ಪೂರ್ತಿ. ನಾನೇ ಒಂದನೆಯವನು. ಆಮೇಲೆ ಹೋಗ್ತೀನಿ.” ಆ ‘ಪೂರ್ತಿ’ಯನ್ನು ಹೇಳುವಾಗ ಬೆರಳಿನಿಂದ ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಗೆರೆ ಎಳೆದ. ಅವನು ಬದುಕಿನಲ್ಲಿ ಕೇಳಿದ್ದು ಅಷ್ಟು ಮಾತ್ರ.

ಅದು ಅಡಿಲೇಡ್‌ನಲ್ಲಿ ಸಿಕ್ಕಿತು. ಅಷ್ಟರಲ್ಲಿ ನನ್ನ ಕೆಲಸ ಬದಲಾಗಿ ನಾವು ಅಲ್ಲಿಗೆ ಬಂದಿದ್ದೆವು. ಸಣ್ಣ ಕ್ಲಬ್ಬು, ಆದರೆ ಒಂದನೇ ಗೋಲ್‌ಕೀಪರ್. ಸೀಸನ್ ಪೂರ್ತಿ ಆಡಿದರೆ ಮುಂದಿನ ವರ್ಷದ ಕರಾರು, ವೀಸಾ ಎರಡೂ. ಆಡದಿದ್ದರೆ ಎರಡೂ ಇಲ್ಲ. ವಯಸ್ಸೂ ಅವನ ಕಡೆಗಿರಲಿಲ್ಲ. “ಇದೇ ಕೊನೇದು ಅಕ್ಕಾ, ಇದರಾಚೆ ತ್ಸುಗಿ ಇಲ್ಲ” ಎಂದಿದ್ದ. ಮ್ಯಾಚಿನ ದಿನ ಬೆಳಿಗ್ಗೆ ನಮ್ಮ ಮನೆಗೇ ಬಂದು ತಿಂದು ಹೋಗುತ್ತಿದ್ದ. ನಾನೂ ಮೇದಿನಿಯೂ ಗೋಲಿನ ಹಿಂದಿನ ಕಟಕಟೆಗೆ ಒರಗಿ ನಿಲ್ಲುತ್ತಿದ್ದೆವು. ಅವನು ಬಂದೊಡನೆ “ಅಕ್ಕಾ!” ಎಂದು ಕೈಯೆತ್ತುತ್ತಿದ್ದ. ತಂಡದ ಕ್ಯಾಪ್ಟನ್, ಕೆಂಪು ಗಡ್ಡದ ಆಜಾನುಬಾಹು, ಅವನೂ ನನ್ನನ್ನು ಅಕ್ಕಾ ಎಂದೇ ಕರೆಯುತ್ತಿದ್ದ.

ಆ ಶನಿವಾರ ಬೆಳಿಗ್ಗೆ ಅಕ್ಕಿ ರೊಟ್ಟಿ, ಕಾಯಿ ಚಟ್ನಿ. ಅವನೇ ತಟ್ಟಿದ. ಒಂದು ರೊಟ್ಟಿ ಹರಿಯಿತು. ಮೇದಿನಿ, “ಗೋಲ್ ಬಿಟ್ರಿ, ಅಂಕಲ್” ಎಂದಳು. ಹರಿದದ್ದನ್ನೇ ತನ್ನ ತಟ್ಟೆಗೆ ಹಾಕಿಕೊಂಡ.

ಮಧ್ಯಾಹ್ನ ಗಾಳಿ ಜೋರಾಗಿತ್ತು. ಎರಡನೇ ಹಾಫಿನಲ್ಲಿ ನಮ್ಮವರು ಒಂದು–ಸೊನ್ನೆಯಿಂದ ಮುಂದಿದ್ದರು. ಎದುರಾಳಿಗಳಿಗೆ ಮೈದಾನದ ಮೂಲೆಯಿಂದ ಒದೆಯುವ ಕಾರ್ನರ್ ಕಿಕ್ ಸಿಕ್ಕಿತು. ಚೆಂಡು ಗಾಳಿಗೆ ಬಾಗಿ ಬಂತು. ಅವನು ಗುಂಪನ್ನು ಸೀಳಿಕೊಂಡು ಮೇಲೆ ಹಾರಿ ಹಿಡಿದ. ಹಿಡಿದು ಕೆಳಗೆ ಬರುವಾಗ ಇನ್ನೊಬ್ಬನ ಮೊಣಕಾಲು ಅವನ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಹಲಗೆ ಹಲಗೆಗೆ ತಾಗಿದಂಥ ಸದ್ದು. ನಾನು ಅದನ್ನು ಕೇಳಿದೆ. ಈಗಲೂ ಕಪಾಟಿನ ಬಾಗಿಲು ಮುಚ್ಚಿದರೆ ಕೇಳುತ್ತೇನೆ.

ಬಿದ್ದ. ಚೆಂಡನ್ನು ಎದೆಗೆ ಅವಚಿಕೊಂಡೇ ಇದ್ದ. ತಕ್ಷಣ ಎದ್ದೂಬಿಟ್ಟ. ಗುದ್ದಿದವನಿಗೆ ಬಾಗಿ ಸಾರಿ ಎಂದ. ಜನ ಚಪ್ಪಾಳೆ ತಟ್ಟಿದರು. ಟ್ರೇನರ್ ಓಡಿ ಬಂದಳು, ಪ್ರಶ್ನೆ ಕೇಳಿದಳು. ಅವನು ಒಂದಕ್ಕೂ ತಡವರಿಸದೆ ಉತ್ತರಿಸಿದ್ದು ದೂರದಿಂದಲೇ ಕಾಣುತ್ತಿತ್ತು. ಅವಳು ಸರಿಯಾಗಿದ್ದಾನೆಂದು ರೆಫರಿಗೆ ಹೆಬ್ಬೆರಳು ಎತ್ತಿ ತೋರಿಸಿ ಹೊರಗೆ ಹೋದಳು. ಆಟ ಶುರುವಾಗಿ ಚೆಂಡು ಆಚೆ ತುದಿಗೆ ಹೋಯಿತು.

ಅವನು ಗೋಲಿನ ಹತ್ತಿರ ಬಂದು ಎಡಗಂಬ ಮುಟ್ಟಿದ. ಮತ್ತೆ ಎಡಗಂಬವನ್ನೇ ಮುಟ್ಟಿದ. ಬಲಗೈ ಚಾಚಿ ಗಾಳಿಯಲ್ಲಿ ಏನನ್ನೋ ತಡಕಿದ. ಬಲೆಯ ಆಚೆಗೆ ಅವನು, ಈಚೆಗೆ ನಾನು. ಅಷ್ಟು ಹತ್ತಿರದಲ್ಲಿ ಅವನ ಪಿಸುಮಾತು ನನಗೆ ಹಿಂದೆಂದೂ ಕೇಳಿಸಿರಲಿಲ್ಲ. ಅದು ಜಪಾನಿ ಅಲ್ಲ. ಪ್ರಾರ್ಥನೆಯೂ ಅಲ್ಲ.

“ಅಡಿಲೇಡ್. ಸೆಕೆಂಡ್ ಹಾಫ್. ವನ್ ನಿಲ್. ಲಾಸ್ಟ್ ವೀಕ್ ವಿನ್.”

ಉಸಿರೆಳೆದು ಮತ್ತೆ, “ಅಡಿಲೇಡ್. ಸೆಕೆಂಡ್ ಹಾಫ್. ವನ್ ನಿಲ್. ಲಾಸ್ಟ್ ವೀಕ್ ವಿನ್.”

ಇಷ್ಟು ವರ್ಷ ಅವನು ಮಾಡುತ್ತಿದ್ದದ್ದು ಇದು. ತಲೆಗೆ ಪೆಟ್ಟು ಬಿದ್ದರೆ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಉರು ಹೊಡೆಯುತ್ತಿದ್ದ. ಪ್ರಜ್ಞೆ ಹೋದರೂ ನಾಲಿಗೆ ಹೇಳಬೇಕು, ಹಾಗೆ. ಗೋಲಾದಾಗಲೆಲ್ಲ ಸ್ಕೋರ್ ಬದಲಾಯಿಸಿ ಮತ್ತೆ ಉರು. ಇನ್ನೊಮ್ಮೆ ಯಾರೂ ಅವನನ್ನು ಹೊರಗೆ ಕಳಿಸಬಾರದು. ಟ್ರೇನರ್‌ಗೆ ಉತ್ತರ ಕೊಟ್ಟದ್ದು ಅವನಲ್ಲ, ಅವನ ನಾಲಿಗೆ.

ಕಟಕಟೆ ಹಿಡಿದುಕೊಂಡು ನಾನು ಕೂಗಿದೆ. ಬಾಯಿಗೆ ಬಂದದ್ದು ಒಂದೇ ಪ್ರಶ್ನೆ. “ಏನು ತಿಂಡಿ? ಏಯ್, ಇಲ್ಲಿ ನೋಡೋ, ಬೆಳಿಗ್ಗೆ ಏನು ತಿಂಡಿ?”

ತಿರುಗಿದ. ಅಂಗಡಿಯಲ್ಲಿ ಗಿರಾಕಿಗೆ ನಗುವ ಹಾಗೆ ನಕ್ಕ. “ಅಡಿಲೇಡ್,” ಎಂದ. “ಸೆಕೆಂಡ್ ಹಾಫ್.”

“ಅಮ್ಮಾ, ಹೀ ಈಸಂಟ್ ಓಕೆ,” ಎಂದಳು ಮೇದಿನಿ. “ಅಮ್ಮಾ, ಡೂ ಸಮ್‌ಥಿಂಗ್!”

ಟ್ರೇನರ್ ಮೈದಾನದ ಆಚೆ ಬದಿಯಲ್ಲಿದ್ದಳು. ಗಾಳಿಗೆ ನನ್ನ ಕೂಗು ಅಲ್ಲಿಗೆ ಹೋಗುತ್ತಿರಲಿಲ್ಲ. ಚೆಂಡು ಈ ಕಡೆ ತಿರುಗಿತ್ತು. ಎದುರಾಳಿಯೊಬ್ಬ ಅದನ್ನು ಎಳೆದುಕೊಂಡು ಓಡಿ ಬರುತ್ತಿದ್ದ. ಇನ್ನೊಂದು ಪೆಟ್ಟು ಬಿದ್ದರೆ ಎನ್ನುವಷ್ಟು ಮಾತ್ರ ನನ್ನ ತಲೆಯಲ್ಲಿತ್ತು. ಕಟಕಟೆ ಹತ್ತಿ ಹಾರಿದೆ. ಕೋಟು ಸಿಕ್ಕಿಕೊಂಡಿತು, ಬಿಟ್ಟೆ. ಗೋಲಿನ ಮುಂದೆ ಹೋಗಿ ಎರಡೂ ಕೈ ಚಾಚಿ ನಿಂತೆ. ರೆಫರಿ ಸೀಟಿ ಊದಿದ. ಮೈದಾನ ಕಾಯುವ ಕಿತ್ತಳೆ ಜಾಕೆಟ್ಟಿನವನೊಬ್ಬ ಬೈಯುತ್ತ ಓಡಿ ಬಂದ. ಯಾರೋ ‘ಹುಚ್ಚಿ’ ಎಂದರು, ಯಾರೋ ಶಿಳ್ಳೆ ಹೊಡೆದರು.

“ಅಕ್ಕಾ! ಏನ್ ಮಾಡ್ತಿದೀರ?” ಕ್ಯಾಪ್ಟನ್ ಏದುಸಿರು ಬಿಡುತ್ತ ಬಂದ.

“ಅವನಿಗೆ ತಲೆ ಸರಿಯಿಲ್ಲ. ಪ್ಲೀಸ್. ಅವನನ್ನ ಕೇಳು, ನಾನು ಯಾರು ಅಂತ ಕೇಳು.”

ಕ್ಯಾಪ್ಟನ್ ಅವನ ಕಡೆ ತಿರುಗಿದ. “ಮೇಟ್, ಇವರು ಯಾರು ಹೇಳು?”

ಅವನು ನನ್ನನ್ನು ನೋಡಿದ. ಬಹಳ ಮರ್ಯಾದೆಯಿಂದ ಬಾಗಿದ. “ನೈಸ್ ಟು ಮೀಟ್ ಯೂ,” ಎಂದ.

ಕ್ಯಾಪ್ಟನ್ ಎರಡೂ ಕೈಯೆತ್ತಿ ಬೆಂಚಿನ ಕಡೆಗೆ ಅಡ್ಡಡ್ಡ ಬೀಸಿದ. ಬದಲಿ ಗೋಲ್‌ಕೀಪರ್ ಕೈಗವಸು ಹಾಕಿಕೊಳ್ಳತೊಡಗಿದ್ದನ್ನು ನಮ್ಮವನು ಕಂಡ. ಊರು ಮರೆತು, ನನ್ನನ್ನು ಮರೆತು ನಿಂತವನಿಗೆ ಅದು ಮಾತ್ರ ಅರ್ಥವಾಯಿತು. “ನೋ,” ಎಂದ. “ಐ ಆಮ್ ಓಕೆ. ಅಡಿಲೇಡ್! ವನ್ ನಿಲ್!” ಎಡಗಂಬವನ್ನು ಎರಡೂ ತೋಳಿನಿಂದ ತಬ್ಬಿಕೊಂಡ. ಕ್ಯಾಪ್ಟನ್ ಅಳುತ್ತ ಅವನ ಸೊಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ನಾಲ್ಕು ಹೆಜ್ಜೆ ನಡೆದನೋ ಇಲ್ಲವೋ, ವಾಂತಿ ಮಾಡಿಕೊಂಡು ಕುಸಿದ. ಹುಲ್ಲಿನ ಮೇಲೆ ಅಕ್ಕಿ ರೊಟ್ಟಿ.

ತಲೆಬುರುಡೆಯ ಒಳಗೆ ರಕ್ತ ಸೋರಿತ್ತು. ಆಪರೇಷನ್ ಆಯಿತು. ಇನ್ನೂ ಸ್ವಲ್ಪ ತಡವಾಗಿದ್ದರೆ ನಾವು ಮಾತಾಡುವ ವಿಷಯವೇ ಬೇರೆಯಾಗಿರುತ್ತಿತ್ತು ಎಂದರು ಡಾಕ್ಟರು. ಜಪಾನಿನಿಂದ ಬಂದ ಅವನ ತಾಯಿ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಮುಂದೆ ಬಾಗಿದರು, ಎಷ್ಟು ಹೊತ್ತಾದರೂ ಏಳಲಿಲ್ಲ. ನಾನು ಏನು ಮಾಡಬೇಕೆಂದು ತೋಚದೆ ಅವರ ಬೆನ್ನ ಮೇಲೆ ಕೈಯಿಟ್ಟೆ. ನಡೆಯುವಷ್ಟಾದ ಮೇಲೆ ಅವನನ್ನು ಊರಿಗೆ ಕರೆದುಕೊಂಡು ಹೋದರು. ಫುಟ್‌ಬಾಲ್ ಇನ್ನಿಲ್ಲ. ಆ ಸೀಸನ್ ಅವನಿಲ್ಲದೆಯೇ ಪೂರ್ತಿಯಾಯಿತು.

ಜನ ನನ್ನನ್ನು ಹೊಗಳುತ್ತಾರೆ. ನನ್ನೊಳಗೆ ಆ ಮಧ್ಯಾಹ್ನ ಮುಗಿದೇ ಇಲ್ಲ. ಟ್ರೇನಿನಲ್ಲಿ, ಮೀಟಿಂಗಿನಲ್ಲಿ, ಪಾತ್ರೆ ತೊಳೆಯುವಾಗ ಕಟಕಟೆ ಮತ್ತೆ ಎದುರಿಗೆ ಬರುತ್ತದೆ. ಒಮ್ಮೊಮ್ಮೆ ಕೋಟು ಬಿಡಿಸಿಕೊಳ್ಳಲು ಆಗುವುದೇ ಇಲ್ಲ. ಇದಕ್ಕಿಂತ ಭಯದ್ದು ಇನ್ನೊಂದಿದೆ. ಅದರಲ್ಲಿ ನಾನು “ಏನು ತಿಂಡಿ?” ಎನ್ನುತ್ತೇನೆ. ಅವನು ಅದನ್ನೂ ಉರು ಹೊಡೆದಿರುತ್ತಾನೆ. “ಅಕ್ಕಿ ರೊಟ್ಟಿ” ಎನ್ನುತ್ತಾನೆ. ನಾನು ನೆಮ್ಮದಿಯಾಗಿ ಕಟಕಟೆಗೆ ಒರಗಿ ನಿಲ್ಲುತ್ತೇನೆ.

ನಿವೃತ್ತಿಯ ಸುದ್ದಿ ಓದಿದ ಮೇಲೆ ಭಾನುವಾರ ವಿಡಿಯೊ ಕಾಲ್ ಮಾಡಿದೆವು. ತಾಯಿ ಫೋನನ್ನು ಮೇಜಿನ ಮೇಲೆ ಒರಗಿಸಿಟ್ಟು ಒಳಗೆ ಹೋದರು. ಅವನು ದಪ್ಪಗಾಗಿದ್ದ. ಕಿವಿಯ ಮೇಲೆ ಹೊಲಿಗೆಯ ಗೆರೆ, ಅಲ್ಲಿ ಕೂದಲು ಬಂದಿಲ್ಲ. ನಮ್ಮನ್ನು ಕಂಡೊಡನೆ ಕೈಯೆತ್ತಿದ.

“ಅಕ್ಕಾ!”

ನಾನು ಏನನ್ನಾದರೂ ಕೇಳುವ ಮುಂಚೆ ಅವನೇ ಹೇಳಿದ: “ಆ ದಿನ ಬೆಳಿಗ್ಗೆ, ಅಕ್ಕಿ ರೊಟ್ಟಿ. ಕಾಯಿ ಚಟ್ನಿ.” ಹೇಳಿ, ಸರಿಯಾ ಎಂಬಂತೆ ನನ್ನ ಮುಖ ನೋಡಿದ.

“ಹೌದು ಕಣೋ,” ಎಂದೆ. “ನೆನಪಿದ್ಯಾ?”

“ನೆನಪಿದೆ,” ಎಂದ, ತುಸು ಬೇಗ.

ಪಕ್ಕದಲ್ಲಿದ್ದ ಮೇದಿನಿ ತಲೆ ತಗ್ಗಿಸಿದಳು. ಆ ಶನಿವಾರ ಬೆಳಿಗ್ಗೆ ಏನು ತಿಂಡಿಯಿತ್ತೆಂದು ಅವನು ಹಿಂದಿನ ದಿನ ಮೆಸೇಜ್ ಮಾಡಿ ಅವಳನ್ನು ಕೇಳಿದ್ದನಂತೆ. ಕಾಲ್ ಮುಗಿದ ಮೇಲೆ ನನಗೆ ಹೇಳಿದಳು. ಆದರೆ ಅವಳು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು.

ಬೈ ಎಂದೆವು. ಅವನೂ ಬಾಗಿ ಬೈ ಎಂದ. ಕಾಲ್ ಮುಗಿಯಿತು ಎಂದುಕೊಂಡು ಎದ್ದು ಬಾಗಿಲ ಕಡೆ ನಡೆದ. ಇತ್ತ ನಾನು ಬಟನ್ ಒತ್ತಲಿಲ್ಲ, ಒತ್ತಲಾಗಲಿಲ್ಲ. ಪರದೆಯಲ್ಲಿ ಅವನ ಬೆನ್ನು ಕಾಣುತ್ತಿತ್ತು. ಬಾಗಿಲ ಚೌಕಟ್ಟಿನ ಎಡಬದಿಗೆ ಕೈಯಿಟ್ಟು ನಿಂತ. ಅವನ ಪಿಸುಮಾತು ಸಣ್ಣಗೆ, ಸ್ಪಷ್ಟವಾಗಿ ಕೇಳಿಸಿತು.

“ಅಕ್ಕಾ. ನಾಗೇಶ್. ಮೇದಿನಿ. ಅಕ್ಕಿ ರೊಟ್ಟಿ.”

ಉಸಿರೆಳೆದು ಮತ್ತೆ, “ಅಕ್ಕಾ. ನಾಗೇಶ್...” ಅಲ್ಲಿಗೆ ನಿಂತ. ಕೈ ಚೌಕಟ್ಟಿನ ಮೇಲೆ ಮೇಲಕ್ಕೂ ಕೆಳಕ್ಕೂ ಆಡಿತು. ಮೇದಿನಿ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಅವನಿಗೆ ಆ ಹೆಸರು ಸಿಗಲಿಲ್ಲ.

“ತ್ಸುಗಿ,” ಎಂದ ತನಗೆ ತಾನೇ. ಆಮೇಲೆ ಮೊದಲಿನಿಂದ ಶುರುಮಾಡಿದ: “ಅಕ್ಕಾ.”